ಅನಿಲದ ಅಣುಗಳ ಜವ ಹೇಗೆ ಹಂಚಿಕೆಯಾಗಿದೆ? ಮ್ಯಾಕ್ಸ್‌ವೆಲ್ ರೇಖೆಯನ್ನು ನಾವೇ ಕಟ್ಟುವ ಸಮಗ್ರ ಮಾರ್ಗದರ್ಶಿ

ನೀವು ಈಗ ಉಸಿರಾಡುತ್ತಿರುವ ಗಾಳಿಯಲ್ಲಿ ನೈಟ್ರೋಜನ್ ಅಣುಗಳೇ ಜಾಸ್ತಿ. 300 ಕೆಲ್ವಿನ್ ತಾಪದಲ್ಲಿ, ಅಂದರೆ ಸುಮಾರು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅವುಗಳ ಸರಾಸರಿ ಜವ ಸೆಕೆಂಡಿಗೆ 476 ಮೀಟರ್. ಗಂಟೆಗೆ ಲೆಕ್ಕ ಹಾಕಿದರೆ 1,700 ಕಿಲೋಮೀಟರಿಗೂ ಹೆಚ್ಚು. ಅದೇ ಗಾಳಿಯಲ್ಲಿ ಶಬ್ದ ಸಾಗುವುದು ಸೆಕೆಂಡಿಗೆ ಸುಮಾರು 347 ಮೀಟರ್ ಅಷ್ಟೇ.

ಆದರೆ 476 ಅನ್ನುವುದು ಸರಾಸರಿ ಮಾತ್ರ. ಕೆಲವು ಅಣುಗಳು 100ರಲ್ಲಿ ತೆವಳುತ್ತಿರುತ್ತವೆ, ಕೆಲವು 1,000 ದಾಟಿ ಓಡುತ್ತಿರುತ್ತವೆ. ಯಾವ ಜವದಲ್ಲಿ ಎಷ್ಟು ಪಾಲು ಅಣುಗಳಿವೆ? ಇದನ್ನು ಹೇಳುವ ಸೂತ್ರ ಪಿಯುಸಿ ಮತ್ತು ಬಿಎಸ್‌ಸಿ ಪುಸ್ತಕಗಳಲ್ಲಿ ಇದೆ. ನೋಡಿದ ಕೂಡಲೇ ಹೆದರಿಕೆ ಹುಟ್ಟಿಸುವಂತಿದೆ. ಹಾಗಾಗಿ ಬಹಳ ಜನ ಅದನ್ನು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮೇಲೆ ಮರೆತುಬಿಡುತ್ತಾರೆ. ಅದು ನಿಜಕ್ಕೂ ಬೇಸರದ ವಿಷಯ. ಯಾಕೆಂದರೆ ಆ ಸೂತ್ರದಲ್ಲಿ ಇರುವುದು ಎರಡೇ ಸಂಗತಿ. ಒಂದು ಮೇಲಕ್ಕೆ ಎಳೆಯುತ್ತದೆ, ಇನ್ನೊಂದು ಕೆಳಕ್ಕೆ ಎಳೆಯುತ್ತದೆ. ಈ ಎರಡು ಎಲ್ಲಿಂದ ಬಂದವು ಅಂತ ಗೊತ್ತಾದರೆ ಸೂತ್ರವನ್ನು ನೀವೇ ಬರೆಯಬಹುದು.

ಬೇಕಾದ ಸಾಮಾನು: ಕಾಗದ, ಪೆನ್ಸಿಲ್, ವೈಜ್ಞಾನಿಕ ಕ್ಯಾಲ್ಕುಲೇಟರ್. ಕೊನೆಯ ಹಂತಗಳಲ್ಲಿ ಒಂದಕ್ಕೆ ಕಂಪ್ಯೂಟರಿನಲ್ಲಿ ಸ್ಪ್ರೆಡ್‌ಶೀಟ್ ಇದ್ದರೆ ಒಳ್ಳೆಯದು.

ಮೊದಲು ಗುರುತುಗಳು

ಎಂ ಅಂದರೆ ಒಂದು ಮೋಲ್ ಅನಿಲದ ದ್ರವ್ಯರಾಶಿ, ಕಿಲೋಗ್ರಾಂನಲ್ಲಿ. ನೈಟ್ರೋಜನ್‌ಗೆ ಇದು 0.028. ಆರ್ ಅಂದರೆ ಅನಿಲ ಸ್ಥಿರಾಂಕ, 8.314. ಟಿ ಅಂದರೆ ಕೆಲ್ವಿನ್‌ನಲ್ಲಿ ತಾಪ. ವಿ ಅಂದರೆ ಜವ. ಇ ಅಂದರೆ 2.718 ಎಂಬ ಸಂಖ್ಯೆ.

ಕೆಲವು ಪುಸ್ತಕಗಳು ಒಂದು ಅಣುವಿನ ದ್ರವ್ಯರಾಶಿ ಮತ್ತು ಬೋಲ್ಟ್ಸ್‌ಮನ್ ಸ್ಥಿರಾಂಕ ಬಳಸುತ್ತವೆ. ಎರಡೂ ಒಂದೇ ಲೆಕ್ಕ. ಆದರೆ ಬೆರೆಸಬೇಡಿ: ಆರ್ ಹಾಕಿದರೆ ಮೋಲ್‌ನ ದ್ರವ್ಯರಾಶಿ, ಬೋಲ್ಟ್ಸ್‌ಮನ್ ಸ್ಥಿರಾಂಕ ಹಾಕಿದರೆ ಒಂದು ಅಣುವಿನ ದ್ರವ್ಯರಾಶಿ.

ಜವ ಮತ್ತು ವೇಗದ ವ್ಯತ್ಯಾಸ ಇಲ್ಲಿ ತುಂಬಾ ಮುಖ್ಯ. ವೇಗಕ್ಕೆ ದಿಕ್ಕು ಇದೆ, ಜವಕ್ಕೆ ಇಲ್ಲ. ಇಡೀ ವಿಷಯದಲ್ಲಿ ಜನ ಎಡವುವುದು ಮುಖ್ಯವಾಗಿ ಇಲ್ಲೇ. 3ನೇ ಹಂತದಲ್ಲಿ ಕಾರಣ ಗೊತ್ತಾಗುತ್ತದೆ.

ಹಂತ 1: ಪ್ರಶ್ನೆಯನ್ನು ಸರಿಯಾಗಿ ಕೇಳಿ

"ಸರಿಯಾಗಿ 500 ಮೀಟರ್ ಜವದಲ್ಲಿ ಎಷ್ಟು ಅಣುಗಳಿವೆ?" ಅಂತ ಕೇಳಿದರೆ ಉತ್ತರ ಸೊನ್ನೆ. ದಶಮಾಂಶದ ನಂತರ ಎಷ್ಟು ಸ್ಥಾನ ಹೋದರೂ ಒಂದಿಷ್ಟೂ ವ್ಯತ್ಯಾಸ ಇಲ್ಲದ 500 ಯಾವ ಅಣುವಿಗೂ ಇರುವುದಿಲ್ಲ. ಹಾಗಾಗಿ ಯಾವಾಗಲೂ ಒಂದು ಪಟ್ಟಿಯನ್ನು ಹಿಡಿದು ಕೇಳಬೇಕು: 500ರಿಂದ 510ರ ನಡುವೆ ಎಷ್ಟು ಪಾಲು?

ನಾವು ಬಿಡಿಸುವ ರೇಖೆಯ ಎತ್ತರ ಅಣುಗಳ ಸಂಖ್ಯೆ ಅಲ್ಲ. ಎತ್ತರವನ್ನು ಪಟ್ಟಿಯ ಅಗಲದಿಂದ ಗುಣಿಸಿದಾಗ ಬರುವ ವಿಸ್ತೀರ್ಣವೇ ಆ ಪಟ್ಟಿಯಲ್ಲಿರುವ ಅಣುಗಳ ಪಾಲು. ರೇಖೆಯ ಕೆಳಗಿನ ಒಟ್ಟು ವಿಸ್ತೀರ್ಣ 1, ಏಕೆಂದರೆ ಪ್ರತಿ ಅಣುವಿಗೂ ಏನಾದರೊಂದು ಜವ ಇದ್ದೇ ಇರುತ್ತದೆ.

ಇನ್ನೊಂದು ಮಾತು. ಒಂದೇ ಅಣುವಿನ ಜವ ಸ್ಥಿರವಾಗಿರುವುದಿಲ್ಲ. ನಮ್ಮ ಸುತ್ತಲಿನ ಒತ್ತಡದಲ್ಲಿ ಗಾಳಿಯ ಒಂದು ಅಣು ಸರಾಸರಿ 68 ನ್ಯಾನೋಮೀಟರ್‌ನಷ್ಟು ಸಾಗುವುದರೊಳಗೆ ಇನ್ನೊಂದಕ್ಕೆ ಡಿಕ್ಕಿ ಹೊಡೆಯುತ್ತದೆ. ಸೆಕೆಂಡಿಗೆ ಸುಮಾರು 700 ಕೋಟಿ ಡಿಕ್ಕಿ. ಪ್ರತಿ ಡಿಕ್ಕಿಗೂ ಜವ ಬದಲು. ಆದರೂ ಇಡೀ ಗುಂಪಿನ ಹಂಚಿಕೆ ಮಾತ್ರ ಅಲುಗಾಡುವುದಿಲ್ಲ. ಒಂದು ಅಣು ನಿಧಾನವಾದರೆ ಬೇರೆಲ್ಲೋ ಇನ್ನೊಂದು ಜೋರಾಗಿರುತ್ತದೆ. ಈ ಸಮತೋಲನ ಸ್ಥಿತಿಯ ಬಗ್ಗೆ ಮಾತ್ರ ನಾವು ಮಾತಾಡುತ್ತಿದ್ದೇವೆ.

(1857ರಲ್ಲಿ ಜರ್ಮನಿಯ ಕ್ಲೌಸಿಯಸ್ ಅಣುಗಳ ಜವ ನೂರಾರು ಮೀಟರ್ ಅಂತ ಲೆಕ್ಕ ಕೊಟ್ಟಾಗ ಡಚ್ ವಿಜ್ಞಾನಿ ಬೈಸ್ ಬಾಲೋಟ್ ಒಂದು ಒಳ್ಳೆಯ ಪ್ರಶ್ನೆ ಎತ್ತಿದರು: ಹಾಗಿದ್ದರೆ ಕೋಣೆಯ ಒಂದು ಮೂಲೆಯ ವಾಸನೆ ಇನ್ನೊಂದು ಮೂಲೆಗೆ ಬರಲು ಅಷ್ಟು ಹೊತ್ತು ಯಾಕೆ? ಕ್ಲೌಸಿಯಸ್ 1858ರಲ್ಲಿ ಕೊಟ್ಟ ಉತ್ತರವೇ ಈ ಡಿಕ್ಕಿಗಳು. ಅಣು ಜೋರಾಗಿ ಓಡುತ್ತದೆ, ಆದರೆ ನೇರವಾಗಿ ದೂರ ಹೋಗಲು ಅದಕ್ಕೆ ದಾರಿ ಸಿಗುವುದಿಲ್ಲ.)

ಹಂತ 2: ಒಂದೇ ದಿಕ್ಕನ್ನು ನೋಡಿ

1859ರಲ್ಲಿ 28 ವರ್ಷದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಪ್ರಾಧ್ಯಾಪಕರಾಗಿದ್ದರು. ಕ್ಲೌಸಿಯಸ್‌ರ ಬರಹ ಓದಿ, ಅಣುಗಳ ಜವ ಹೇಗೆ ಹಂಚಿಕೆಯಾಗಿರಬೇಕು ಅಂತ ಯೋಚಿಸಿದರು. ಡಿಕ್ಕಿಗಳ ವಿವರಕ್ಕೇ ಹೋಗದೆ ಬರೀ ಸಮರೂಪತೆಯಿಂದ ಉತ್ತರ ತೆಗೆದರು. ಭೌತಶಾಸ್ತ್ರದಲ್ಲಿ ನನಗೆ ತುಂಬಾ ಇಷ್ಟವಾದ ವಾದಗಳಲ್ಲಿ ಇದೂ ಒಂದು.

ಅಣುವಿನ ವೇಗವನ್ನು ಮೂರು ಭಾಗ ಮಾಡಿ: ಪೂರ್ವ-ಪಶ್ಚಿಮ, ಉತ್ತರ-ದಕ್ಷಿಣ, ಮೇಲೆ-ಕೆಳಗೆ. ಈಗ ಎರಡು ಮಾತು ಒಪ್ಪಿಕೊಳ್ಳಿ.

ಮೊದಲನೆಯದು, ಈ ಮೂರು ಭಾಗಗಳು ಒಂದಕ್ಕೊಂದು ಸಂಬಂಧ ಇಲ್ಲದವು. ಒಂದು ಅಣು ಪೂರ್ವಕ್ಕೆ ಎಷ್ಟು ಜೋರಾಗಿ ಹೋಗುತ್ತಿದೆ ಅಂತ ಗೊತ್ತಾದರೂ, ಅದು ಮೇಲಕ್ಕೆ ಎಷ್ಟು ಹೋಗುತ್ತಿದೆ ಅಂತ ಹೇಳಲಾಗದು. ಹಾಗಾದರೆ ಮೂರೂ ಒಟ್ಟಿಗೆ ಇರುವ ಸಂಭವನೀಯತೆ ಮೂರು ಸಂಭವನೀಯತೆಗಳ ಗುಣಲಬ್ಧ.

ಎರಡನೆಯದು, ಅನಿಲಕ್ಕೆ ಯಾವ ದಿಕ್ಕೂ ವಿಶೇಷ ಅಲ್ಲ. ಹಾಗಾಗಿ ಒಟ್ಟು ಸಂಭವನೀಯತೆ ದಿಕ್ಕನ್ನು ಅವಲಂಬಿಸುವುದಿಲ್ಲ, ಒಟ್ಟು ಜವದ ವರ್ಗವನ್ನು ಮಾತ್ರ ಅವಲಂಬಿಸುತ್ತದೆ. ಆ ವರ್ಗ ಮೂರು ಭಾಗಗಳ ವರ್ಗಗಳ ಮೊತ್ತ.

ಒಂದು ಕಡೆ ಗುಣಿಸುತ್ತಿದ್ದೇವೆ, ಇನ್ನೊಂದು ಕಡೆ ಕೂಡುತ್ತಿದ್ದೇವೆ. ಎರಡೂ ಹೊಂದಬೇಕು. ಘಾತಗಳನ್ನು ಕೂಡಿದರೆ ಸಂಖ್ಯೆಗಳು ಗುಣವಾಗುತ್ತವೆ ಅಂತ ಶಾಲೆಯಲ್ಲೇ ಕಲಿತಿದ್ದೇವೆ, ಅಲ್ವಾ? ಆ ಗುಣ ಇರುವ ನಯವಾದ ಫಲನ ಘಾತ ಫಲನ ಒಂದೇ. ಹಾಗಾಗಿ ಒಂದು ದಿಕ್ಕಿನ ಹಂಚಿಕೆ ಇ^(−ಸ್ಥಿರಾಂಕ × ವೇಗ²) ರೂಪದಲ್ಲೇ ಇರಬೇಕು. ಋಣ ಚಿಹ್ನೆ ಯಾಕೆ? ಅದಿಲ್ಲದಿದ್ದರೆ ವೇಗ ಹೆಚ್ಚಿದಷ್ಟೂ ಅಣುಗಳು ಹೆಚ್ಚಿ, ವಿಸ್ತೀರ್ಣಕ್ಕೆ ಕೊನೆಯೇ ಇರುವುದಿಲ್ಲ.

ಸ್ಥಿರಾಂಕ ಎಷ್ಟು? ಆದರ್ಶ ಅನಿಲದ ಒತ್ತಡದ ಲೆಕ್ಕದಿಂದ ಒಂದು ದಿಕ್ಕಿನ ವೇಗದ ವರ್ಗದ ಸರಾಸರಿ ಆರ್ × ಟಿ ÷ ಎಂ ಅಂತ ಸಿಗುತ್ತದೆ. ಇದರ ವರ್ಗಮೂಲವನ್ನು "ಹರವು" ಅಂತ ಕರೆಯೋಣ. ಆಗ ಹಂಚಿಕೆ ಹೀಗಾಗುತ್ತದೆ:

ಒಂದು ದಿಕ್ಕಿನ ಹಂಚಿಕೆ ∝ ಇ^(−ವೇಗ² ÷ (2 × ಹರವು²))

ನೈಟ್ರೋಜನ್‌ಗೆ 300 ಕೆಲ್ವಿನ್‌ನಲ್ಲಿ: 8.314 × 300 = 2494. ಇದನ್ನು 0.028ರಿಂದ ಭಾಗಿಸಿದರೆ ಸುಮಾರು 89,080. ವರ್ಗಮೂಲ ಸುಮಾರು 298.5. ಅಂದರೆ ಹರವು ಸೆಕೆಂಡಿಗೆ 298.5 ಮೀಟರ್.

ಈ ರೇಖೆ ಗಂಟೆಯಾಕಾರದ್ದು. ಅದರ ತುದಿ ಸೊನ್ನೆಯ ಮೇಲೆ. ಎಡಕ್ಕೂ ಬಲಕ್ಕೂ ಸಮ. ಪೂರ್ವಕ್ಕೆ ಹೋಗುವವು ಎಷ್ಟೋ ಪಶ್ಚಿಮಕ್ಕೆ ಹೋಗುವವೂ ಅಷ್ಟೇ.

ಒಂದು ಮಾತು ಸೇರಿಸಲೇಬೇಕು. ಮೂರು ಭಾಗಗಳಿಗೆ ಸಂಬಂಧ ಇಲ್ಲ ಅನ್ನುವ ಊಹೆ ಅಷ್ಟು ಗಟ್ಟಿಯಲ್ಲ ಅಂತ ಮ್ಯಾಕ್ಸ್‌ವೆಲ್‌ಗೇ ನಂತರ ಅನಿಸಿತು. 1867ರಲ್ಲಿ ಪ್ರಕಟವಾದ ಬರಹದಲ್ಲಿ ಅವರು ಡಿಕ್ಕಿಗಳಿಂದಲೇ ಹೊರಟು ಅದೇ ಉತ್ತರಕ್ಕೆ ಬಂದರು. 1872ರಲ್ಲಿ ಬೋಲ್ಟ್ಸ್‌ಮನ್ ಇನ್ನೂ ಮುಂದೆ ಹೋದರು. ಯಾವುದೇ ಹಂಚಿಕೆಯಿಂದ ಶುರುವಾದರೂ ಡಿಕ್ಕಿಗಳು ಅನಿಲವನ್ನು ಈ ಹಂಚಿಕೆಯ ಕಡೆಗೇ ತಳ್ಳುತ್ತವೆ ಅಂತ ತೋರಿಸಿದರು. ಅದಕ್ಕೇ ಇದಕ್ಕೆ ಮ್ಯಾಕ್ಸ್‌ವೆಲ್-ಬೋಲ್ಟ್ಸ್‌ಮನ್ ಹಂಚಿಕೆ ಅಂತ ಇಬ್ಬರ ಹೆಸರು.

ಹಂತ 3: ವೇಗದಿಂದ ಜವಕ್ಕೆ ಬನ್ನಿ

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಪ್ರತಿ ದಿಕ್ಕಿನಲ್ಲೂ ಅತಿ ಹೆಚ್ಚು ಸಂಭವನೀಯ ವೇಗ ಸೊನ್ನೆ ಅಂತ ಈಗ ತಾನೇ ನೋಡಿದೆವು. ಹಾಗಾದರೆ ಅತಿ ಹೆಚ್ಚು ಸಂಭವನೀಯ ಜವವೂ ಸೊನ್ನೆಯೇ ಆಗಬೇಕಲ್ಲ? ಆಗುವುದಿಲ್ಲ. ಸೊನ್ನೆಯ ಹತ್ತಿರದ ಜವ ಇರುವ ಅಣುಗಳು ತೀರಾ ವಿರಳ.

ಯಾಕೆ ಅಂತ ನೋಡಲು ಒಂದು ಚಿತ್ರ ಮನಸ್ಸಿಗೆ ತಂದುಕೊಳ್ಳಿ. ಮೂರು ಅಕ್ಷಗಳ ಒಂದು ಜಾಗ. ಅಕ್ಷಗಳ ಮೇಲೆ ಗುರುತು ಮಾಡುವುದು ಸ್ಥಾನವನ್ನಲ್ಲ, ವೇಗದ ಮೂರು ಭಾಗಗಳನ್ನು. ಪ್ರತಿ ಅಣುವಿಗೂ ಒಂದು ಚುಕ್ಕೆ ಇಡಿ. ಚುಕ್ಕೆ ಮಧ್ಯಬಿಂದುವಿನಿಂದ ಎಷ್ಟು ದೂರ ಇದೆಯೋ ಅದೇ ಆ ಅಣುವಿನ ಜವ. ದಿಕ್ಕು ಯಾವುದಾದರೂ ಆಗಬಹುದು.

ಚುಕ್ಕೆಗಳು ಅತಿ ದಟ್ಟವಾಗಿರುವುದು ಮಧ್ಯದಲ್ಲಿ. ಹೊರಗೆ ಹೋದಂತೆ ತೆಳುವಾಗುತ್ತವೆ. ಆದರೆ ಒಂದೇ ಜವ ಇರುವ ಚುಕ್ಕೆಗಳೆಲ್ಲ ಮಧ್ಯದಿಂದ ಒಂದೇ ದೂರದಲ್ಲಿರುವ ಗೋಳದ ಮೇಲೆ, ಈರುಳ್ಳಿಯ ಒಂದು ಪದರದ ಹಾಗೆ ಹರಡಿರುತ್ತವೆ. ಒಳಗಿನ ಪದರ ತೀರಾ ಚಿಕ್ಕದು. ಹೊರಗಿನ ಪದರ ದೊಡ್ಡದು. ಪದರದ ವಿಸ್ತೀರ್ಣ 4π × ವಿ². ಜವ ದುಪ್ಪಟ್ಟಾದರೆ ಪದರದಲ್ಲಿರುವ ಜಾಗ ನಾಲ್ಕು ಪಟ್ಟು.

ಮಧ್ಯದಲ್ಲಿ ದಟ್ಟಣೆ ಇದೆ, ಜಾಗ ಇಲ್ಲ. ದೂರದಲ್ಲಿ ಜಾಗ ಇದೆ, ದಟ್ಟಣೆ ಇಲ್ಲ. ಎರಡರ ಗುಣಲಬ್ಧವೇ ನಮಗೆ ಬೇಕಾದದ್ದು:

ಜವದ ಹಂಚಿಕೆ = 4π × (ಎಂ ÷ (2π × ಆರ್ × ಟಿ))^(3/2) × ವಿ² × ಇ^(−ಎಂ × ವಿ² ÷ (2 × ಆರ್ × ಟಿ))

ಹೆದರಿಸುತ್ತಿದ್ದ ಸೂತ್ರ ಇದೇ. ಮೊದಲಿನ ಕಂಸದ ಭಾಗ ಒಟ್ಟು ವಿಸ್ತೀರ್ಣ 1 ಆಗಲಿ ಅಂತ ಇಟ್ಟ ಸಂಖ್ಯೆ ಅಷ್ಟೇ. ಘಾತ 3/2 ಬಂದದ್ದು ಮೂರು ದಿಕ್ಕುಗಳ ಮೂರು ವರ್ಗಮೂಲಗಳಿಂದ. ಜೀವ ಇರುವುದು ಕೊನೆಯ ಎರಡರಲ್ಲಿ: ವಿ² ಮೇಲಕ್ಕೆ ಎಳೆಯುತ್ತದೆ, ಘಾತ ಫಲನ ಕೆಳಕ್ಕೆ ಎಳೆಯುತ್ತದೆ. ಕಡಿಮೆ ಜವದಲ್ಲಿ ಮೊದಲನೆಯದು ಗೆಲ್ಲುತ್ತದೆ, ಹೆಚ್ಚು ಜವದಲ್ಲಿ ಎರಡನೆಯದು. ಎರಡೂ ಸಮವಾಗುವ ಕಡೆ ಶಿಖರ.

ಎರಡು ಆಯಾಮದ ಅನಿಲ ಇದ್ದಿದ್ದರೆ ಗೋಳದ ಬದಲು ವೃತ್ತ, ವಿ² ಬದಲು ವಿ ಬರುತ್ತಿತ್ತು. ಒಂದೇ ಆಯಾಮದಲ್ಲಿ ಅದೂ ಇಲ್ಲ, ಶಿಖರ ಸೊನ್ನೆಯಲ್ಲೇ ಉಳಿಯುತ್ತದೆ. ಇದನ್ನು ಕಾಗದದ ಮೇಲೆ ನೀವೇ ಬರೆದು ನೋಡಿ.

ಹಂತ 4: ರೇಖೆ ಬಿಡಿಸಿ

ದೊಡ್ಡ ಸೂತ್ರದಲ್ಲಿ ಒಂದೊಂದೇ ಬೆಲೆ ಹಾಕುತ್ತಾ ಕೂರಬೇಡಿ. ಒಂದು ಉಪಾಯ ಇದೆ. ಶಿಖರದ ಜವವನ್ನು ಮೊದಲು ಕಂಡುಹಿಡಿಯಿರಿ. ವಿ² × ಇ^(−ಎಂವಿ²/2ಆರ್‌ಟಿ) ಇದರ ಅವಕಲನ ತೆಗೆದು ಸೊನ್ನೆಗೆ ಸಮ ಮಾಡಿದರೆ:

ಶಿಖರ ಜವ = √(2 × ಆರ್ × ಟಿ ÷ ಎಂ)

ಪುಸ್ತಕಗಳಲ್ಲಿ ಇದಕ್ಕೆ ಅತ್ಯಂತ ಸಂಭವನೀಯ ಜವ ಅಂತ ಹೆಸರು. ನೈಟ್ರೋಜನ್‌ಗೆ 300 ಕೆಲ್ವಿನ್‌ನಲ್ಲಿ 422.

ಈಗ ಎಲ್ಲ ಜವಗಳನ್ನೂ ಶಿಖರ ಜವದಿಂದ ಭಾಗಿಸಿ. ಬರುವ ಅನುಪಾತಕ್ಕೆ "ಅ" ಅಂತ ಹೆಸರಿಡಿ. ಆಗ ಸೂತ್ರ ಇಷ್ಟೇ ಆಗುತ್ತದೆ:

ಎತ್ತರ = 2.257 × ಅ² × ಇ^(−ಅ²)

ಅನಿಲದ ಹೆಸರೂ ಇಲ್ಲ, ತಾಪವೂ ಇಲ್ಲ. ಎಲ್ಲ ಆದರ್ಶ ಅನಿಲಗಳಿಗೂ, ಎಲ್ಲ ತಾಪಕ್ಕೂ ಒಂದೇ ರೇಖೆ. ಬೆಲೆಗಳು ಇಲ್ಲಿವೆ:

ಅ = 0.25 ಆದಾಗ 0.13
ಅ = 0.5 ಆದಾಗ 0.44
ಅ = 0.75 ಆದಾಗ 0.72
ಅ = 1 ಆದಾಗ 0.83
ಅ = 1.25 ಆದಾಗ 0.74
ಅ = 1.5 ಆದಾಗ 0.54
ಅ = 2 ಆದಾಗ 0.17
ಅ = 2.5 ಆದಾಗ 0.027
ಅ = 3 ಆದಾಗ 0.0025

ಚುಕ್ಕೆಗಳನ್ನು ನಯವಾಗಿ ಸೇರಿಸಿ. ಎಡಕ್ಕೆ ಕಡಿದಾದ ಏರು, ಬಲಕ್ಕೆ ಉದ್ದನೆಯ ಬಾಲ. ಸೊನ್ನೆಯ ಹತ್ತಿರ ರೇಖೆ ನೇರವಾಗಿ ಏರಬಾರದು. ವಿ² ಇರುವುದರಿಂದ ಅಲ್ಲಿ ಅದು ಮೊದಲು ನೆಲಕ್ಕೆ ಅಂಟಿಕೊಂಡಂತೆ ಹೊರಡುತ್ತದೆ. ಪರೀಕ್ಷೆಯಲ್ಲಿ ಬಿಡಿಸುವಾಗ ಇದನ್ನು ಮರೆಯಬೇಡಿ.

ಹಂತ 5: ಮೂರು ಜವಗಳು, ಮೂರು ಕೆಲಸಗಳು

ಬಲಕ್ಕೆ ಬಾಲ ಇರುವುದರಿಂದ ಸರಾಸರಿ ಶಿಖರಕ್ಕಿಂತ ಬಲಕ್ಕೆ ಬೀಳುತ್ತದೆ. ವರ್ಗ ಮಾಡಿ ಸರಾಸರಿ ತೆಗೆದರೆ ಜೋರಾದ ಅಣುಗಳಿಗೆ ಇನ್ನೂ ಹೆಚ್ಚು ತೂಕ ಸಿಗುತ್ತದೆ, ಹಾಗಾಗಿ ಆರ್‌ಎಂಎಸ್ ಜವ (ಜವದ ವರ್ಗಗಳ ಸರಾಸರಿಯ ವರ್ಗಮೂಲ) ಇನ್ನೂ ಬಲಕ್ಕೆ.

ಶಿಖರ ಜವ = √(2ಆರ್‌ಟಿ/ಎಂ), ನೈಟ್ರೋಜನ್‌ಗೆ 422
ಸರಾಸರಿ ಜವ = √(8ಆರ್‌ಟಿ/πಎಂ), 476
ಆರ್‌ಎಂಎಸ್ ಜವ = √(3ಆರ್‌ಟಿ/ಎಂ), 517

ಅನುಪಾತ ಯಾವಾಗಲೂ 1 : 1.128 : 1.225. ಒಂದು ಗೊತ್ತಾದರೆ ಮೂರೂ ಗೊತ್ತಾದಂತೆ.

ಯಾವುದನ್ನು ಎಲ್ಲಿ ಬಳಸಬೇಕು ಅನ್ನುವುದೇ ನಿಜವಾದ ಪ್ರಶ್ನೆ. ಶಕ್ತಿ ಅಥವಾ ಒತ್ತಡದ ಲೆಕ್ಕ ಇದ್ದರೆ ಆರ್‌ಎಂಎಸ್, ಏಕೆಂದರೆ ಎರಡರಲ್ಲೂ ಜವದ ವರ್ಗ ಇದೆ. ಎಷ್ಟು ಡಿಕ್ಕಿ ಆಗುತ್ತದೆ, ಸಣ್ಣ ತೂತಿನಿಂದ ಎಷ್ಟು ಅನಿಲ ಸೋರುತ್ತದೆ ಅನ್ನುವಲ್ಲಿ ಸರಾಸರಿ ಜವ. ಶಿಖರ ಜವ ರೇಖೆ ಬಿಡಿಸಲು ಮತ್ತು ಅನುಪಾತದ ಲೆಕ್ಕಕ್ಕೆ.

ಸೋರುವಿಕೆಗೆ ಒಂದು ದೊಡ್ಡ ಉದಾಹರಣೆ ಯುರೇನಿಯಂ. ಅದರ 235 ಮತ್ತು 238 ಎಂಬ ಐಸೋಟೋಪ್‌ಗಳನ್ನು (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳನ್ನು) ಬೇರ್ಪಡಿಸಲು ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಓಕ್ ರಿಜ್‌ನಲ್ಲಿ ಯುರೇನಿಯಂ ಹೆಕ್ಸಾಫ್ಲೋರೈಡ್ ಅನಿಲವನ್ನು ಸೂಕ್ಷ್ಮ ರಂಧ್ರಗಳ ತಡೆಗಳ ಮೂಲಕ ಹಾಯಿಸಿದರು. ಎರಡು ಅಣುಗಳ ತೂಕ 349 ಮತ್ತು 352. ಜವದ ಅನುಪಾತ √(352/349), ಅಂದರೆ 1.0043. ಒಂದು ಸಲಕ್ಕೆ ಸಿಗುವ ಲಾಭ ಅರ್ಧ ಶೇಕಡವೂ ಇಲ್ಲ. ಅದಕ್ಕೇ ಅಲ್ಲಿ ಸಾವಿರಾರು ಹಂತಗಳನ್ನು ಒಂದರ ಹಿಂದೆ ಒಂದು ಜೋಡಿಸಬೇಕಾಯಿತು.

ಹಂತ 6: ಪಾಲು ಎಣಿಸಿ

ಮೊದಲ ಹಂತದ ಪ್ರಶ್ನೆಗೆ ಈಗ ಉತ್ತರ ಕೊಡೋಣ. 300 ಕೆಲ್ವಿನ್ ನೈಟ್ರೋಜನ್‌ನಲ್ಲಿ 500ರಿಂದ 510ರ ನಡುವೆ ಎಷ್ಟು ಪಾಲು?

ಪಟ್ಟಿಯ ಮಧ್ಯ 505. ಅ = 505 ÷ 422 = 1.197. ಅ² = 1.432. ಇ^(−1.432) = 0.239. ಎತ್ತರ = 2.257 × 1.432 × 0.239 = 0.772. ಪಟ್ಟಿಯ ಅಗಲವನ್ನೂ ಶಿಖರ ಜವದಿಂದ ಭಾಗಿಸಬೇಕು: 10 ÷ 422 = 0.0237. ಗುಣಿಸಿದರೆ 0.0183. ನೂರರಲ್ಲಿ 1.8 ಅಣುಗಳು.

ಅಗಲವನ್ನು ಭಾಗಿಸುವುದನ್ನು ಬಿಟ್ಟರೆ ಉತ್ತರ 7.7 ಅಂತ ಬರುತ್ತದೆ. ಪಾಲು ಎಂದೂ 1 ದಾಟುವಂತಿಲ್ಲ, ಹಾಗಾಗಿ ಎಲ್ಲೋ ತಪ್ಪಿದೆ ಅಂತ ಕೂಡಲೇ ಗೊತ್ತಾಗುತ್ತದೆ.

ಸಣ್ಣ ಪಟ್ಟಿಗೆ ಈ ವಿಧಾನ ಸಾಕು. ದೊಡ್ಡ ಪಟ್ಟಿಗಾದರೆ ಅನುಕಲನ ಬೇಕು. ಕೆಲವು ಬೆಲೆಗಳು ಕೈಯಲ್ಲಿ ಇದ್ದರೆ ಅನುಕೂಲ. ಶಿಖರ ಜವದ ಅರ್ಧಕ್ಕಿಂತ ನಿಧಾನ ಇರುವವು ಸುಮಾರು 8%. ಶಿಖರಕ್ಕಿಂತ ನಿಧಾನ ಇರುವವು 43%, ಜೋರು ಇರುವವು 57%. ಶಿಖರ ಅಂದರೆ ಮಧ್ಯ ಅಲ್ಲ ಅನ್ನುವುದನ್ನು ಇಲ್ಲಿ ಗಮನಿಸಿ. ಶಿಖರದ ದುಪ್ಪಟ್ಟು ದಾಟಿದವು 4.6%. ಮೂರು ಪಟ್ಟು ದಾಟಿದವು 0.044%, ಅಂದರೆ ಹತ್ತು ಸಾವಿರಕ್ಕೆ ನಾಲ್ಕೈದು.

ಹಂತ 7: ತಾಪ ಮತ್ತು ತೂಕ ಬದಲಿಸಿ

ತಾಪ ನಾಲ್ಕು ಪಟ್ಟಾದರೆ ಶಿಖರ ಜವ ದುಪ್ಪಟ್ಟು, ಏಕೆಂದರೆ ವರ್ಗಮೂಲ. ರೇಖೆ ಬಲಕ್ಕೆ ಚಾಚುತ್ತದೆ, ಎತ್ತರ ಅರ್ಧಕ್ಕೆ ಇಳಿಯುತ್ತದೆ. ವಿಸ್ತೀರ್ಣ ಮಾತ್ರ 1ಕ್ಕೆ ಬದ್ಧ. ತಾಪ ಹೆಚ್ಚಿದರೆ ರೇಖೆ ಇದ್ದ ಹಾಗೇ ಬಲಕ್ಕೆ ಜರುಗುತ್ತದೆ ಅಂತ ಬಿಡಿಸುವುದು ತಪ್ಪು. ಅದು ಹರಡಿಕೊಳ್ಳುತ್ತದೆ.

ಶಿಖರಕ್ಕಿಂತ ಬಾಲದಲ್ಲಿ ಆಗುವ ಬದಲಾವಣೆ ದೊಡ್ಡದು. ನೈಟ್ರೋಜನ್‌ನಲ್ಲಿ 1,000 ಮೀಟರ್ ದಾಟಿದ ಅಣುಗಳು 300 ಕೆಲ್ವಿನ್‌ನಲ್ಲಿ ಸುಮಾರು 1%. 600 ಕೆಲ್ವಿನ್‌ಗೆ ಏರಿಸಿ: ಸುಮಾರು 13%. ಸರಾಸರಿ ಜವ ಹೆಚ್ಚಿದ್ದು 1.4 ಪಟ್ಟು ಮಾತ್ರ. ರಾಸಾಯನಿಕ ಕ್ರಿಯೆಗಳು ಸ್ವಲ್ಪ ಬಿಸಿ ಮಾಡಿದರೆ ಎಷ್ಟೋ ಚುರುಕಾಗುವುದಕ್ಕೆ ಇದೇ ಮುಖ್ಯ ಕಾರಣ. ಕ್ರಿಯೆ ನಡೆಸುವವು ಸರಾಸರಿ ಅಣುಗಳಲ್ಲ, ಬಾಲದಲ್ಲಿರುವ ಜೋರಿನ ಅಣುಗಳು. ಮಣ್ಣಿನ ಮಡಕೆಯ ನೀರು ತಣ್ಣಗಾಗುವುದರಲ್ಲೂ ಅವುಗಳ ಕೈವಾಡ ಇದೆ. ದ್ರವದ ಅಣುಗಳ ಚಲನೆಗೂ ಇದೇ ಹಂಚಿಕೆ. ಹೆಚ್ಚು ಶಕ್ತಿಯವು ಆವಿಯಾಗಿ ಹೋದರೆ ಉಳಿದವುಗಳ ಸರಾಸರಿ ಶಕ್ತಿ ಇಳಿಯುತ್ತದೆ.

ತೂಕದ ಕಡೆ ಬನ್ನಿ. 300 ಕೆಲ್ವಿನ್‌ನಲ್ಲಿ ಶಿಖರ ಜವ ಹೈಡ್ರೋಜನ್ ಅಣುವಿಗೆ ಸುಮಾರು 1,580, ಹೀಲಿಯಂಗೆ 1,117, ಆಕ್ಸಿಜನ್‌ಗೆ 395, ಕಾರ್ಬನ್ ಡೈಆಕ್ಸೈಡ್‌ಗೆ 337. ಒಂದೇ ಬಾಟಲಿಯಲ್ಲಿ ಇವೆಲ್ಲ ಬೆರೆತಿದ್ದರೂ ಪ್ರತಿಯೊಂದಕ್ಕೂ ತನ್ನದೇ ರೇಖೆ. ಸಮವಾಗಿರುವುದು ಸರಾಸರಿ ಚಲನ ಶಕ್ತಿ, ಜವ ಅಲ್ಲ.

ಭೂಮಿಯ ವಾತಾವರಣದಲ್ಲಿ ಹೈಡ್ರೋಜನ್ ಅನಿಲ ಯಾಕೆ ಉಳಿದಿಲ್ಲ ಅನ್ನುವುದಕ್ಕೂ ಇಲ್ಲೇ ಸುಳಿವಿದೆ. ಭೂಮಿಯಿಂದ ತಪ್ಪಿಸಿಕೊಳ್ಳಲು ಬೇಕಾದ ಜವ ಸೆಕೆಂಡಿಗೆ 11.2 ಕಿಲೋಮೀಟರ್. ವಾತಾವರಣದ ಅತಿ ಮೇಲಿನ ಪದರದಲ್ಲಿ ತಾಪ ಸುಮಾರು 1,000 ಕೆಲ್ವಿನ್ ಅಂತ ಇಟ್ಟುಕೊಳ್ಳಿ. ಅಲ್ಲಿ ಹೈಡ್ರೋಜನ್ ಪರಮಾಣುವಿನ ಶಿಖರ ಜವ ಸುಮಾರು 4.1 ಕಿಲೋಮೀಟರ್, ಅ = 2.75. ಅದನ್ನು ದಾಟುವ ಪಾಲು ಸಾವಿರಕ್ಕೆ ಒಂದೆರಡು. ಕಡಿಮೆ ಅನಿಸಿದರೂ, ಓಡಿಹೋದ ಜಾಗವನ್ನು ಡಿಕ್ಕಿಗಳು ಮತ್ತೆ ತುಂಬುತ್ತಲೇ ಇರುತ್ತವೆ. ಕೋಟಿಗಟ್ಟಲೆ ವರ್ಷಗಳಲ್ಲಿ ಸೋರಿ ಹೋಗಲು ಅಷ್ಟು ಸಾಕು. ಆಕ್ಸಿಜನ್ ಪರಮಾಣುವಿಗೆ ಅದೇ ಅನುಪಾತ 11. ಇ^(−121) ಲೆಕ್ಕ ಹಾಕಿ ನೋಡಿ, ದಶಮಾಂಶ ಬಿಂದುವಿನ ನಂತರ ಐವತ್ತಕ್ಕೂ ಹೆಚ್ಚು ಸೊನ್ನೆಗಳು. ನಮಗೆ ಉಸಿರಾಡಲು ಆಕ್ಸಿಜನ್ ಉಳಿದಿರುವುದರ ಹಿಂದೆ ಈ ಘಾತ ಫಲನವೂ ಇದೆ ಅಂತ ಯೋಚಿಸಿದಾಗ ನನಗೆ ಈಗಲೂ ರೋಮಾಂಚನ ಆಗುತ್ತದೆ.

ಹಂತ 8: ಸ್ಪ್ರೆಡ್‌ಶೀಟ್‌ನಲ್ಲಿ ಅನಿಲ ತಯಾರಿಸಿ

ಸೂತ್ರವನ್ನು ನಂಬಲೇಬೇಕು ಅಂತಿಲ್ಲ. 10,000 ಅಣುಗಳನ್ನು ನೀವೇ ಮಾಡಿ ಎಣಿಸಬಹುದು.

ಸ್ಪ್ರೆಡ್‌ಶೀಟ್‌ನಲ್ಲಿ ನಾರ್ಮಲ್ ಹಂಚಿಕೆಯ ವಿಲೋಮ ಫಲನ ಇರುತ್ತದೆ. ಅದಕ್ಕೆ ಮೂರು ಬೆಲೆ ಕೊಡಿ: 0 ಮತ್ತು 1ರ ನಡುವಿನ ಯಾದೃಚ್ಛಿಕ ಸಂಖ್ಯೆ, ಸರಾಸರಿ 0, ಹರವು 298.5. ಇದನ್ನು ಮೊದಲ ಮೂರು ಕಾಲಂಗಳಲ್ಲಿ ಹಾಕಿ 10,000 ಸಾಲುಗಳವರೆಗೆ ಎಳೆಯಿರಿ. ಇವು ಮೂರು ದಿಕ್ಕಿನ ವೇಗಗಳು. ನಾಲ್ಕನೇ ಕಾಲಂನಲ್ಲಿ ಮೂರರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯಿರಿ. ಅದು ಜವ.

ಆ ಫಲನ ಸಿಗದಿದ್ದರೆ ಇನ್ನೊಂದು ದಾರಿ ಇದೆ. 12 ಯಾದೃಚ್ಛಿಕ ಸಂಖ್ಯೆಗಳನ್ನು ಕೂಡಿ 6 ಕಳೆಯಿರಿ, ಬಂದದ್ದನ್ನು 298.5ರಿಂದ ಗುಣಿಸಿ. ಇದೂ ಹೆಚ್ಚುಕಡಿಮೆ ಗಂಟೆಯಾಕಾರದ ಹಂಚಿಕೆಯನ್ನೇ ಕೊಡುತ್ತದೆ, ಬಾಲದ ತುದಿಯಲ್ಲಿ ಮಾತ್ರ ಸ್ವಲ್ಪ ಕೊರತೆ.

ಈಗ ಎಣಿಸಿ. 422ಕ್ಕಿಂತ ಕಡಿಮೆ ಜವ ಇರುವ ಸಾಲುಗಳು 4,280ರ ಆಸುಪಾಸು ಬರಬೇಕು. 844 ದಾಟಿದವು 460ರ ಆಸುಪಾಸು. 1,266 ದಾಟಿದವು ನಾಲ್ಕೈದು. ಪ್ರತಿ ಸಲ ಹೊಸದಾಗಿ ಲೆಕ್ಕ ಮಾಡಿಸಿದಾಗ ಕೊನೆಯ ಸಂಖ್ಯೆ ತುಂಬಾ ಏರುಪೇರಾಗುತ್ತದೆ, ಮೊದಲನೆಯದು ಅಷ್ಟಾಗಿ ಅಲ್ಲ. ಮೊದಲ ಮೂರು ಕಾಲಂಗಳ ಸರಾಸರಿ ಸೊನ್ನೆಯ ಹತ್ತಿರ, ನಾಲ್ಕನೆಯದರ ಸರಾಸರಿ 476ರ ಹತ್ತಿರ.

ನಾಲ್ಕನೇ ಕಾಲಂನ ಸ್ತಂಭನಕ್ಷೆ ಬಿಡಿಸಿ, 4ನೇ ಹಂತದ ರೇಖೆಯ ಪಕ್ಕ ಇಡಿ. ಮೂರು ಗಂಟೆಯಾಕಾರಗಳಿಂದ ವಾರೆಯಾದ ರೇಖೆ ಹುಟ್ಟುವುದು ಕಣ್ಣಿಗೇ ಕಾಣುತ್ತದೆ.

ಹಂತ 9: ಪ್ರಯೋಗದ ಅಂಕಿಗಳನ್ನು ಓದುವಾಗ ಎಚ್ಚರ

ಮ್ಯಾಕ್ಸ್‌ವೆಲ್ ಹೇಳಿದ್ದನ್ನು ನೇರವಾಗಿ ಅಳೆಯಲು ಅರವತ್ತು ವರ್ಷ ಬೇಕಾಯಿತು. 1920ರಲ್ಲಿ ಜರ್ಮನಿಯಲ್ಲಿ ಆಟೋ ಸ್ಟರ್ನ್ ನಿರ್ವಾತದಲ್ಲಿ ಬೆಳ್ಳಿಯ ಪರಮಾಣುಗಳ ಧಾರೆಯೊಂದನ್ನು ಹೊರಡಿಸಿ, ಉಪಕರಣವನ್ನೇ ಜೋರಾಗಿ ತಿರುಗಿಸಿದರು. ನಿಧಾನವಾದ ಪರಮಾಣುಗಳು ತಲುಪುವಷ್ಟರಲ್ಲಿ ತಟ್ಟೆ ಹೆಚ್ಚು ಸರಿದಿರುತ್ತದೆ. ಬೆಳ್ಳಿಯ ಗುರುತು ಎಷ್ಟು ಸರಿದಿದೆ ಅನ್ನುವುದರಿಂದ ಜವ ಗೊತ್ತಾಗುತ್ತದೆ. 1955ರಲ್ಲಿ ಮಿಲ್ಲರ್ ಮತ್ತು ಕುಶ್ ಪೊಟ್ಯಾಸಿಯಂ ಮತ್ತು ಥ್ಯಾಲಿಯಂ ಧಾರೆಗಳನ್ನು ಸುರುಳಿಯಾಗಿ ಕೊರೆದ ತೋಡುಗಳಿದ್ದ ತಿರುಗುವ ಸಿಲಿಂಡರಿನ ಮೂಲಕ ಹಾಯಿಸಿದರು. ಸಿಲಿಂಡರಿನ ತಿರುಗುವಿಕೆಗೆ ಹೊಂದುವ ಜವದವು ಮಾತ್ರ ಆಚೆ ಬರುತ್ತಿದ್ದವು. ಅಳತೆ ಮತ್ತು ಸಿದ್ಧಾಂತ ತುಂಬಾ ಚೆನ್ನಾಗಿ ಹೊಂದಿದವು.

ಆದರೆ ಅವರು ಹೊಂದಿಸಿದ್ದು ನಮ್ಮ ವಿ² ರೇಖೆಗೆ ಅಲ್ಲ. ಲೋಹವನ್ನು ಕಾಯಿಸಿ ಆವಿ ಮಾಡುವ ಒಲೆಯ ಸಣ್ಣ ತೂತಿನಿಂದ ಹೊರಬರುವ ಧಾರೆಯಲ್ಲಿ ಜೋರಾದ ಅಣುಗಳು ತಮ್ಮ ಪಾಲಿಗಿಂತ ಜಾಸ್ತಿ ಇರುತ್ತವೆ. ಜವ ದುಪ್ಪಟ್ಟಿರುವ ಅಣು ತೂತಿಗೆ ಬಂದು ತಲುಪುವ ಸಾಧ್ಯತೆಯೂ ದುಪ್ಪಟ್ಟು. ಹಾಗಾಗಿ ಧಾರೆಯ ಹಂಚಿಕೆಯಲ್ಲಿ ವಿ² ಬದಲು ವಿ³ ಬರುತ್ತದೆ. ಅಲ್ಲಿ ಶಿಖರ ಇರುವುದು √(3ಆರ್‌ಟಿ/ಎಂ)ನಲ್ಲಿ. ಒಲೆಯ ಒಳಗಿನ ಅನಿಲದ ಆರ್‌ಎಂಎಸ್ ಜವಕ್ಕೆ ಸರಿಸಮ. ಪುಸ್ತಕದ ಪ್ರಶ್ನೆಯಲ್ಲಿ "ಧಾರೆ" ಅಂತ ಕಂಡರೆ ಇದು ನೆನಪಿರಲಿ.

ನೀವೇ ಮಾಡಿ ನೋಡಿ

1. ಆರ್ಗಾನ್‌ನ ಎಂ 0.040. 300 ಕೆಲ್ವಿನ್‌ನಲ್ಲಿ ಮೂರೂ ಜವ ಎಷ್ಟು?

2. ಹೀಲಿಯಂನ ಶಿಖರ ಜವ 300 ಕೆಲ್ವಿನ್ ನೈಟ್ರೋಜನ್‌ನ ಶಿಖರ ಜವಕ್ಕೆ ಸಮ ಆಗಬೇಕಾದರೆ ಹೀಲಿಯಂ ಅನ್ನು ಯಾವ ತಾಪಕ್ಕೆ ಇಳಿಸಬೇಕು?

3. ತಾಪ 27 ಡಿಗ್ರಿ ಸೆಲ್ಸಿಯಸ್‌ನಿಂದ 54ಕ್ಕೆ ಏರಿದರೆ ಸರಾಸರಿ ಜವ ಎಷ್ಟು ಪಟ್ಟಾಗುತ್ತದೆ?

ಉತ್ತರಗಳು: ಮೊದಲನೆಯದಕ್ಕೆ ಸುಮಾರು 353, 398, 433. ಎರಡನೆಯದಕ್ಕೆ 300 × 4 ÷ 28, ಅಂದರೆ ಸುಮಾರು 43 ಕೆಲ್ವಿನ್. ಮೂರನೆಯದಕ್ಕೆ √2 ಅಂತ ಬರೆದಿದ್ದರೆ ಕೆಲ್ವಿನ್‌ಗೆ ಬದಲಿಸಿ ಮತ್ತೆ ಮಾಡಿ: √(327/300), ಅಂದರೆ 1.04 ಪಟ್ಟು.